ಸೋರೆಕಾಯಿಗೆ ತೊಂಬತ್ತಾರು

ಕಾಯಿಲೆ ಬಿದ್ದು ಎದ್ದ ಗಂಡಸಿಗೆ ಸಿಗುವ ಮರ್ಯಾದೆ ಮದುವೆಯ ದಿನ ಮದುಮಗನಿಗೂ ಸಿಗುವುದಿಲ್ಲ ಅನ್ನುವುದು ಅರ್ಜುನಪ್ಪನವರ ಖಚಿತ ಅಭಿಪ್ರಾಯ. ಹೋದ ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದಾಗಿನಿಂದ ನಗರ್ತಪೇಟೆಯ ಆ ಮಹಡಿ ಮನೆಯಲ್ಲಿ ಅವರದೇ ದರ್ಬಾರು. ಹಾಸಿಗೆಗೇ ಕಾಫಿ, ಹನ್ನೊಂದಕ್ಕೆ ರಾಗಿ ಗಂಜಿ, ಸಂಜೆಗೆ ಮೆಣಸಿನ ಸಾರು. ಗೀಜರಿನ ನೀರು ಮೈಗೆ ಹಿಡಿಯುವುದಿಲ್ಲವೆಂದು ಅವರು ಅಪ್ಪಣೆ ಮಾಡಿದ ಮೇಲೆ, ಹೆಂಡತಿ ದ್ರೌಪದಮ್ಮ ಕೆಳಗೆ ಹಿತ್ತಲಲ್ಲಿ ಸೌದೆ ಉರಿಸಿ, ಹಂಡೆಯ ಬಿಸಿನೀರನ್ನು ಬಕೆಟ್ಟಿನಲ್ಲಿ ಮೇಲಕ್ಕೆ ಹೊತ್ತು ತರುತ್ತಿದ್ದರು. ಅರ್ಜುನಪ್ಪ ಪೂರ್ತಿ ವಾಸಿಯಾಗಿ ಆರು ತಿಂಗಳಾಗಿತ್ತು. (ಇದು ಅವರಿಗೂ ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೆ.)

ಈ ಸುಖಕ್ಕೆ ಕಲ್ಲು ಬಿದ್ದದ್ದು ಮಗಳು ಶಶಿರೇಖಾಳಿಂದ. ಗವಿಪುರದ ತನ್ನ ಮನೆಯಿಂದ ಬಂದವಳೇ ಅಪ್ಪನ ಮಣಿಕಟ್ಟಿಗೆ ಒಂದು ಕಪ್ಪು ವಾಚು ಕಟ್ಟಿದಳು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆಯೆಂದು ಅದು ಹೇಳುತ್ತದಂತೆ. ತೊಂಬತ್ತೈದರ ಮೇಲಿದ್ದರೆ ಯೋಚನೆಯಿಲ್ಲವಂತೆ. ವಾಚಿನ ಹೊಟ್ಟೆಯಲ್ಲಿ ಕೆಂಪು ದೀಪ ಮಿನುಗಿತು, ತೊಂಬತ್ತೆಂಟು ಅಂದಿತು. ಮೂರು ದಿನ ಯಾವ ಹೊತ್ತಿನಲ್ಲಿ ನೋಡಿದರೂ ತೊಂಬತ್ತೆಂಟೇ. ನಾಲ್ಕನೆಯ ದಿನ ಬೆಳಗ್ಗೆ ಹಾಸಿಗೆಗೆ ಕಾಫಿ ಬರಲಿಲ್ಲ. ಅದರ ಬದಲು ತರಕಾರಿ ಚೀಲ ಬಂತು.

"ತೊಂಬತ್ತೆಂಟಿದೆಯಲ್ಲ, ಎದ್ದು ಒಂದು ಸೋರೆಕಾಯಿ ತಂದ್ಬಿಡಿ" ಅಂದರು ದ್ರೌಪದಮ್ಮ.

ತಂದರು. ಆದರೆ ವಾಚನ್ನು ಸುಮ್ಮನೆ ಬಿಡುವ ಆಸಾಮಿ ಅವರಲ್ಲ. ನಲವತ್ತು ವರ್ಷ ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ನಡೆಸಿದವರು, ಇನ್ನೊಬ್ಬರ ತಕ್ಕಡಿಯನ್ನು ಒಂದು ದಿನವೂ ನಂಬಿದವರಲ್ಲ. ಹೊಸ ತಕ್ಕಡಿ ಬಂದರೆ ಅವರ ಪದ್ಧತಿ ಒಂದೇ. ಮೊದಲು ಖಾಲಿ ತಟ್ಟೆ ನೋಡಬೇಕು, ಆಮೇಲೆ ಸರ್ಕಾರದ ಮುದ್ರೆ ಬಿದ್ದ ಕಲ್ಲಿಟ್ಟು ತೂಗಬೇಕು. ಈ ವಾಚಿನ ಬಂಡವಾಳ ಬಯಲು ಮಾಡಿ ಕಳೆದುಹೋದ ಕಾಫಿಯನ್ನು ವಾಪಸು ಪಡೆಯುವುದಕ್ಕೂ ಅದೇ ದಾರಿ ಎಂದುಕೊಂಡರು.

ಖಾಲಿ ತಟ್ಟೆ ಅಂದರೆ ಉಸಿರೇ ಇಲ್ಲದ್ದು. ಸೋರೆಕಾಯಿಯ ಸಪೂರ ಕತ್ತಿಗೆ ವಾಚು ಕಟ್ಟಿದರು. ವಾಚು ಸ್ವಲ್ಪ ಹೊತ್ತು ಯೋಚಿಸಿ ತೊಂಬತ್ತಾರು ಅಂದಿತು. ಅಷ್ಟಕ್ಕೇ ಬಿಡದೆ ನಾಡಿಬಡಿತ ಎಪ್ಪತ್ತೆರಡು ಎಂದೂ ಸೇರಿಸಿತು. ಅರ್ಜುನಪ್ಪ ಸೋರೆಕಾಯಿಯನ್ನು ಕೂಸಿನಂತೆ ಎತ್ತಿಕೊಂಡು ಅಡುಗೆಮನೆಗೆ ನುಗ್ಗಿ ತೋರಿಸಿದರು. ದ್ರೌಪದಮ್ಮ ಕಣ್ಣು ಕಿರಿದು ಮಾಡಿ ನೋಡಿ, ಸುಮ್ಮನೆ ಬಿದ್ಕೊಂಡಿರೋರಿಗೆಲ್ಲ ಇದು ಒಳ್ಳೇ ನಂಬರೇ ಕೊಡುತ್ತೆ ಬಿಡಿ ಅಂದರು. ಮತ್ತೆ ವಾಚು ಬಿಚ್ಚಿಟ್ಟು, ಆರೋಗ್ಯವಂತ ಸೋರೆಕಾಯಿಯನ್ನು ಹೆಚ್ಚಿ ಹುಳಿಗೆ ಹಾಕಿದರು.

ಇನ್ನು ಉಳಿದದ್ದು ಮುದ್ರೆ ಬಿದ್ದ ಕಲ್ಲು. ಯಾರೂ ಅನುಮಾನಪಡಲಾಗದಂಥ ಗಟ್ಟಿ ಉಸಿರು ಬೇಕು. ಮೂವತ್ತೆಂಟು ವರ್ಷದಿಂದ ನಡುವೆ ಉಸಿರೆಳೆಯದೆ ತಮ್ಮನ್ನು ಬೈಯುತ್ತಿರುವ ಪುಪ್ಪುಸ ಮನೆಯಲ್ಲೇ ಇರುವಾಗ ಊರೆಲ್ಲ ಯಾಕೆ ಹುಡುಕಬೇಕು? ದ್ರೌಪದಮ್ಮ ಬೇಡವೆಂದರು. ಒಲೆಯ ಮೇಲೆ ಬೇಳೆಯಿದೆ ಅಂದರು, ಕೈ ಒದ್ದೆ ಅಂದರು, ಆಮೇಲೆ ನೋಡೋಣ ಅಂದರು. ಅರ್ಜುನಪ್ಪ ಆ ಕೈಯನ್ನು ಟವೆಲ್ಲಿನಿಂದ ತಾವೇ ಒರೆಸಿ ವಾಚು ಕಟ್ಟಿದರು. ತೊಂಬತ್ತು. ಬಿಚ್ಚಿ ಇನ್ನೊಂದು ಕೈಗೆ ಕಟ್ಟಿದರು. ಎಂಬತ್ತೊಂಬತ್ತು.

ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಸೋರೆಕಾಯಿಗೆ ತೊಂಬತ್ತಾರು, ದ್ರೌಪದಿಗೆ ಎಂಬತ್ತೊಂಬತ್ತು. ಕಲ್ಲು ಎಲ್ಲಾದರೂ ಸುಳ್ಳಾದೀತೆ, ತಕ್ಕಡಿಯೇ ಸುಳ್ಳು. ಈ ಮೊಕದ್ದಮೆ ಡಾಕ್ಟರಮ್ಮನ ಎದುರಿಗೇ ತೀರ್ಮಾನವಾಗಲಿ ಎಂದು, ಒಲ್ಲೆ ಒಲ್ಲೆ ಅನ್ನುತ್ತಿದ್ದ ಹೆಂಡತಿಯನ್ನು ಬೀದಿ ಕೊನೆಯ ಕ್ಲಿನಿಕ್ಕಿಗೆ ಹೊರಡಿಸಿದರು. ತಾವು ಮುಂದೆ ಮುಂದೆ ನಡೆದರು. ದ್ರೌಪದಮ್ಮ ಯಾಕೆ ಅಷ್ಟು ಹಿಂದೆ ಉಳಿದರೆಂದು ತಿರುಗಿ ನೋಡಲಿಲ್ಲ.

ಡಾಕ್ಟರ್ ಯಶಶ್ರೀ ಎಲ್ಲವನ್ನೂ ನಗುತ್ತಲೇ ಕೇಳಿದರು. ಚಿಕ್ಕ ವಯಸ್ಸಿನವರು, ತಾಳ್ಮೆ ಜಾಸ್ತಿ. ವಾಚು ಬೆಳಕು ಬಿಟ್ಟು, ವಾಪಸು ಬಂದದ್ದನ್ನು ನೋಡಿ ಅಂದಾಜು ಹಾಕುತ್ತದೆ, ಹಾಗಾಗಿ ಸೋರೆಕಾಯಿಗೂ ಏನೋ ಒಂದು ನಂಬರು ಹೇಳಿಬಿಡಬಹುದು, ಅದೊಂದನ್ನೇ ನಂಬಿ ಕೂರಬಾರದು ಅಂದರು. ಅರ್ಜುನಪ್ಪ ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದರು. ಡಾಕ್ಟರು ಬೆರಳಿಗೆ ಸಿಕ್ಕಿಸುವ ತಮ್ಮ ಮೆಷಿನ್ನು ತೆಗೆದು ಮೊದಲು ಅವರ ಬೆರಳಿಗೇ ಹಾಕಿದರು. ತೊಂಬತ್ತೆಂಟು. ಆಮೇಲೆ ದ್ರೌಪದಮ್ಮನ ಬೆರಳಿಗೆ ಹಾಕಿದರು. ಬೆರಳು ಉಜ್ಜಿ ಬಿಸಿ ಮಾಡಿ ಮತ್ತೆ ಹಾಕಿದರು. ತೊಂಬತ್ತು. ಡಾಕ್ಟರ ನಗು ನಿಂತುಹೋಯಿತು.

ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ತುಂಬ ಹೊತ್ತು ಕೇಳಿಸಿಕೊಂಡರು. "ಎಷ್ಟು ದಿನದಿಂದ ಹೀಗೆ ಉಸಿರು ಕಟ್ತಿದೆ ಅಮ್ಮ?"

"ದೀಪಾವಳಿ ಆದಾಗಿಂದ" ಅಂದರು ದ್ರೌಪದಮ್ಮ, ಸೆರಗಿನ ತುದಿ ತಿರುವುತ್ತ.

"ನನಗ್ಯಾಕೆ ಹೇಳ್ಲಿಲ್ಲ ನೀನು?" ಅರ್ಜುನಪ್ಪನವರ ದನಿ ಅವರಿಗೇ ಗುರುತು ಸಿಗಲಿಲ್ಲ.

"ನೀವು ಮಲಗಿದ್ರಲ್ಲ. ಇಬ್ರೂ ಮಲಗಿದ್ರೆ ಕಾಫಿ ಮಾಡೋರ್ಯಾರು?"

ಅದರಲ್ಲಿ ಚುಚ್ಚುಮಾತೇನೂ ಇರಲಿಲ್ಲ, ಇದ್ದಿದ್ದರೆ ಅರ್ಜುನಪ್ಪ ತಡೆದುಕೊಳ್ಳುತ್ತಿದ್ದರು. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಈ ಮೆಷಿನ್ನೂ ಸುಳ್ಳಾಗಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡರು.

ಡಾಕ್ಟರು ದ್ರೌಪದಮ್ಮನನ್ನು ಅಲ್ಲೇ ಮಂಚದ ಮೇಲೆ ಕೂರಿಸಿ, ಮುಖಕ್ಕೆ ಮಾಸ್ಕು ಕಟ್ಟಿ ಔಷಧಿಯ ಹಬೆ ಕೊಟ್ಟರು. ಅರ್ಧ ಗಂಟೆಯಲ್ಲಿ ತೊಂಬತ್ತೈದಕ್ಕೆ ಬಂತು. ಅಷ್ಟೂ ಹೊತ್ತು ಅರ್ಜುನಪ್ಪ ಹೆಂಡತಿಯ ಮೆಷಿನ್ನು ಸಿಕ್ಕಿಸದ ಕೈ ಹಿಡಿದುಕೊಂಡು ಕೂತಿದ್ದರು. ಇದು ಆಸ್ತಮಾದ ಥರ ಕಾಣುತ್ತದೆ, ಎಕ್ಸ್-ರೇ ನೋಡೋಣ, ಗಾಬರಿ ಬೇಡ ಅಂದರು ಡಾಕ್ಟರು. ಸೌದೆಯ ಹೊಗೆ ಕುಡಿಯಬಾರದು, ಭಾರ ಹೊರಬಾರದು, ಒಂದು ತಿಂಗಳು ಪೂರ್ತಿ ವಿಶ್ರಾಂತಿ. ಚೀಟಿ ಬರೆಯುತ್ತ ತಲೆಯೆತ್ತಿದರು.

"ಯಜಮಾನರಿಗೂ ಹುಷಾರಿಲ್ಲ ಅಂತ ಅಮ್ಮ ಹೇಳ್ತಿದ್ರು. ಮನೇಲಿ ಕೆಲಸ ಮಾಡೋಕೆ ಗಟ್ಟಿಮುಟ್ಟಾಗಿರೋರು ಬೇರೆ ಯಾರಾದ್ರೂ ಇದಾರಾ?"

ಅರ್ಜುನಪ್ಪ ಎದ್ದು ನಿಂತು ಪಂಚೆ ಸರಿಮಾಡಿಕೊಂಡರು.

"ನಾನೇ ಇದೀನಿ ಡಾಕ್ಟ್ರಮ್ಮ. ತೊಂಬತ್ತೆಂಟು. ಈಗ ತಾನೇ ನೀವೇ ನೋಡಿದ್ರಲ್ಲ."