ಕುಂಕುಮ ನುಂಗಿದ ಕನಸಿನ ಫೋಟೊ

ಫೋಟೊ ತೆಗೆಯುವುದರಲ್ಲಿ ನನಗೆ ಹುಟ್ಟಿನಿಂದಲೇ ಬಂದ ಪ್ರತಿಭೆ ಇದೆ ಎಂಬುದು ನನಗೆ ಬಹಳ ಕಾಲದಿಂದ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ. ವಿಜಯಪುರದ ಒಂದು ಕಾಲೇಜಿನ ಆಫೀಸಿನಲ್ಲಿ ಕುರ್ಚಿಗೆ ಅಂಟಿಕೊಂಡು ಕೂತ ಗುಮಾಸ್ತನ ಒಳಗೆ ಒಬ್ಬ ಕಲಾವಿದ ಮಲಗಿದ್ದಾನೆಂದು ಯಾರಾದರೂ ಹೇಗೆ ತಿಳಿದಾರು? ಅವನನ್ನು ಎಬ್ಬಿಸಿದ್ದು ನನ್ನ ಹೊಸ ಮೊಬೈಲು. ಎಬ್ಬಿಸಬಾರದಿತ್ತು!

ನನ್ನ ಹೆಂಡತಿಯ ಹೆಸರು ಸುವರ್ಣಾ. ಅವಳಿಗೆ ಮೊದಲಿನಿಂದಲೂ ಒಂದು ಕೊರಗು. ಮದುವೆಯ ಆಲ್ಬಮ್ಮಿನಿಂದ ಹಿಡಿದು ಈಚಿನ ಫೋಟೊಗಳವರೆಗೆ ಒಂದರಲ್ಲೂ ಅವಳ ಕಣ್ಣು ತೆರೆದಿಲ್ಲ. ಫ್ಲ್ಯಾಶ್ ಬೀಳುವುದಕ್ಕೂ ಅವಳ ರೆಪ್ಪೆ ಬೀಳುವುದಕ್ಕೂ ಏನೋ ಒಳಒಪ್ಪಂದವಿದೆ. ಅಕ್ಷತೆ ಬೀಳುವಾಗ ಮುಚ್ಚಿದ ಕಣ್ಣು ಇನ್ನೂ ತೆರೆದಿಲ್ಲವಲ್ಲ ಎಂದು ನಾನೊಮ್ಮೆ ತಮಾಷೆ ಮಾಡಿದ್ದೆ.

"ಆವತ್ತ ಕಣ್ಣ ತೆರದಿದ್ರ ನಿಮ್ಮನ್ಯಾಕ ಮಾಡ್ಕೋತಿದ್ನಿ?" ಎಂದಿದ್ದಳು. ಆಮೇಲೆ ನಾನು ಆ ವಿಷಯ ಎತ್ತಿರಲಿಲ್ಲ.

ಈಗ ಎತ್ತಲೇಬೇಕಾದ ಪ್ರಸಂಗ ಬಂತು. ಸುವರ್ಣಾಳ ತಾಯಿ, ಅಂದರೆ ನಮ್ಮ ಅತ್ತೆ, ಹೊನವಾಡದಲ್ಲಿ ಮಗ ಮಲ್ಲಪ್ಪನ ಮನೆಯಲ್ಲಿದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಗಳು ಎದುರಿಗೆ ನಿಂತರೂ, "ಎಲ್ಲಾ ಮಬ್ಬ ಮಬ್ಬ. ನಿನ್ನ ಮಾರಿ ಹಾಲಾಗ ಅದ್ದಿ ತಗದಂಗ ಕಾಣತೈತಿ" ಎನ್ನುತ್ತಿದ್ದರು. ಕಳೆದ ಪಂಚಮಿಗೆ ಅವರು ಮಗಳಿಗೊಂದು ಇಳಕಲ್ ಸೀರೆ ತಂದರು. ಹಸಿರು ಒಡಲು, ಕೆಂಪು ಸೆರಗು. ಅಂಗಡಿಯವನನ್ನು ಮತ್ತೆ ಮತ್ತೆ "ಇದು ಹಸರ ಐತಿ ಹೌದಿಲ್ಲೋ?" ಎಂದು ಕೇಳಿ, ಕೊಂಡು ತಂದ ಸೀರೆ. ತಾವು ಕೊಟ್ಟ ಸೀರೆಯ ಬಣ್ಣವನ್ನು ತಾವೇ ನೋಡಿರಲಿಲ್ಲ.

ಕೊನೆಗೂ ಟಿಕೋಟಾದ ಕಣ್ಣಿನ ಶಿಬಿರದಲ್ಲಿ ಒಂದು ಕಣ್ಣಿನ ಆಪರೇಶನ್ ಆಯಿತು. ಅವತ್ತೇ ಅತ್ತೆ ಸುವರ್ಣಾಳಿಗೆ ಫೋನ್ ಮಾಡಿದರು.

"ನಾಳಿ ಐತವಾರ ಕಟ್ಟ ಬಿಚ್ಚತಾರಂತ ಯವ್ವಾ. ಬಿಚ್ಚಿದ ಕೂಡಲೇ ಮೊದಲ ನಿನ್ನ ನೋಡಬೇಕು. ಆ ಹಸರ ಸೀರಿ ಉಟ್ಕೊಂಡ ಬಾ."

ನಮ್ಮ ಮಗಳು ಪಲ್ಲವಿಯ ಪರೀಕ್ಷೆ ನಡೆದಿತ್ತು. ಹೋಗುವಂತಿರಲಿಲ್ಲ. ಸುವರ್ಣಾ ಫೋನಿಟ್ಟು ಕಣ್ಣೊರೆಸಿಕೊಂಡಳು. ನನ್ನೊಳಗಿನ ಕಲಾವಿದ ತಟ್ಟನೆ ಎದ್ದು ಕೂತ.

"ಅಳಬೇಡ. ಇವತ್ತ ಸಂಜೀಕ ಹೊಲದಾಗ ನಿಮ್ಮಿಬ್ಬರ ಫೋಟೊ ತಗೀತೀನಿ. ಅತ್ತಿ ನೋಡಿ ಬೆರಗಾಗಬೇಕು, ಅಂಥಾ ಫೋಟೊ!"

"ಕಣ್ಣ ತೆರದಿದ್ದ ಬಂದ್ರ ಸಾಕ್ರಿ" ಎಂದಳು ಸುವರ್ಣಾ. ಇದೊಂದೇ ಅವಳ ಬೇಡಿಕೆ. ನಾನು ಅದನ್ನು ಪೂರೈಸಿದೆ ಎಂಬುದನ್ನು ದಯವಿಟ್ಟು ಗಮನದಲ್ಲಿಡಬೇಕು.

ಬಬಲೇಶ್ವರದ ರಸ್ತೆಯಲ್ಲಿ ನನ್ನ ಆಫೀಸಿನ ಗೆಳೆಯನ ಹೊಲವಿದೆ. ನಾವು ಮೂವರೂ ಒಂದೇ ಸ್ಕೂಟರಿನಲ್ಲಿ ಅಲ್ಲಿಗೆ ತಲುಪಿದಾಗ ಹೊತ್ತು ಇಳಿದಿತ್ತು. ಬಿಳಿಜೋಳ ತೆನೆ ಹಾಕಿ ನಿಂತಿತ್ತು. ಸುತ್ತ ಕುಸುಬಿ ಹೂ ಬಿಟ್ಟಿತ್ತು, ಅರಿಶಿನಕ್ಕೆ ತುಸು ಕುಂಕುಮ ಬಿದ್ದಂಥ ಬಣ್ಣ. ಗಾಳಿ ಬಂದರೆ ಇಡೀ ಹೊಲ ನಿದ್ದೆಯಲ್ಲಿ ಮಗ್ಗುಲಾದಂತೆ ಮೆಲ್ಲಗೆ ಹೊರಳುತ್ತಿತ್ತು. ಆ ಮೆತ್ತನೆಯ ಬೆಳಕಿನಲ್ಲಿ ಸುವರ್ಣಾ ಹಸಿರು ಸೀರೆಯ ನಿರಿಗೆ ಹಿಡಿದು ನಿಂತಳು. ಸಂತೆ, ಶಾಲೆ, ಗ್ಯಾಸು ಎಂದು ಓಡಾಡುವ ಹೆಂಗಸನ್ನು ಅಷ್ಟು ಹೊತ್ತು ಸುಮ್ಮನೆ ನಿಂತು ನಾನು ನೋಡಿದ್ದು ಯಾವಾಗಲೋ. ನಿಜವಾಗಿಯೂ ಎದೆ ತುಂಬಿ ಬಂತು. ಅಲ್ಲಿಗೇ ಒಂದು ಫೋಟೊ ತೆಗೆದು ಮನೆಗೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಆ ಕುಸುಬಿ ಹೂವಿನ ನಡುವೆ ಮೆಲ್ಲಗೆ ನಡೆದು ಬಾ" ಎಂದೆ. "ಕನಸಿನಾಗ ಬಂದಂಗ!"

"ಕುಸುಬ್ಯಾಗ ಯಾರರ ನಡದಾಡ್ತಾರೇನ್ರಿ? ಮುಳ್ಳು!"

"ಕಲೆಗಾಗಿ ಸ್ವಲ್ಪ ಸಹಿಸಬೇಕು."

"ದನಾ ಒಳಗ ಹೋಗಬಾರ್ದಂತ ಸುತ್ತ ಕುಸುಬಿ ಬಿತ್ತಿರ್ತಾರ. ನೀವು ಹೆಂಡ್ತಿನ್ನ ಕಳಸಾಕತ್ತೀರಿ!"

ಆದರೂ ತಾಯಿಗಾಗಿ ಇಳಿದಳು. ನಾಲ್ಕು ಹೆಜ್ಜೆ ಕನಸಿನಂತೆಯೇ ನಡೆದಳು. ಐದನೆಯದಕ್ಕೆ ಕುಸುಬಿ ಸೆರಗು ಹಿಡಿಯಿತು. ಬಿಡಿಸಲು ಹೋದ ಪಲ್ಲವಿಯ ಲಂಗ ಹಿಡಿಯಿತು. ಇಬ್ಬರನ್ನೂ ಬಿಡಿಸಲು ಹೋದ ನನ್ನ ಪ್ಯಾಂಟನ್ನು ಯಾವ ಜಾಗದಲ್ಲಿ ಹಿಡಿಯಿತೆಂದು ಇಲ್ಲಿ ಬರೆಯಲಾಗದು. ಅಷ್ಟರಲ್ಲಿ ಸುವರ್ಣಾಳ ಫೋನು ಎರಡು ಸಲ ಬಡಿದುಕೊಂಡಿತು. ಕಲೆಯ ನಡುವೆ ಗದ್ದಲವೇ? ಅದನ್ನು ಸೈಲೆಂಟ್ ಮಾಡಿ ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿದೆ. ಹಾಕಿದ್ದು ಮರೆತೇಬಿಟ್ಟೆ.

ಆದರೆ ಒಂದು ಫೋಟೊ ಬಂತು! ಹೊರಬಂದು ನಿಟ್ಟುಸಿರು ಬಿಟ್ಟ ಸುವರ್ಣಾ ಸೂರ್ಯ ಮುಳುಗುವ ಕಡೆ ನೋಡಿದ ಗಳಿಗೆ ಅದು. ಪಕ್ಕದಲ್ಲಿ ಮಗಳು. ಸುವರ್ಣಾಳ ಎರಡೂ ಕಣ್ಣು ಪೂರ್ತಿ ತೆರೆದಿದ್ದವು.

ಮರುದಿನ ಬೆಳಿಗ್ಗೆ ಬಣ್ಣ ತಿದ್ದಲು ಕೂತೆ. ಅದಾಗಲೇ ಒಂದು ವಿಡಿಯೊ ನೋಡಿ ನಾನು ಪಾರಂಗತನಾಗಿದ್ದೆ. ಅದರಲ್ಲಿನ ಗುರುಗಳ ಪ್ರಕಾರ, ಫೋಟೊ ಕನಸಿನಂತೆ ಕಾಣಬೇಕಾದರೆ ಬಣ್ಣಗಳ ಸೊಕ್ಕು ಇಳಿಸಬೇಕು. ಮೊಬೈಲಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಗೆರೆ, ಗೆರೆಯ ಮೇಲೊಂದು ಚುಕ್ಕಿ. ಚುಕ್ಕಿಯನ್ನು ಎಡಕ್ಕೆ ಜಗ್ಗಿದರೆ ಬಣ್ಣ ಇಳಿಯುತ್ತದೆ. ಹಸಿರು ಬಹಳ ಕಣ್ಣಿಗೆ ಹೊಡೆಯುತ್ತಿತ್ತು. ಜಗ್ಗಿದೆ. ಕೆಂಪು ಸೆರಗು ಹಟ ಮಾಡುತ್ತಿತ್ತು. ಜಗ್ಗಿದೆ. ಆಹಾ! ಸೀರೆ ಹಾಲಿನಂತಾಯಿತು. ಹೊಲ ಬೆಳದಿಂಗಳಿನಂತಾಯಿತು. ಕೈಬಳೆ ಇದ್ದವೋ ಇಲ್ಲವೋ ಎಂಬಂತೆ ಗಾಳಿಯಲ್ಲಿ ಕರಗಿದವು. ಕೊನೆಗೆ ಮುಖ ನಯ ಮಾಡುವ ಗುಂಡಿ ಒತ್ತಿದೆ. ಕಲೆ, ಚುಕ್ಕಿ ಏನೇ ಇದ್ದರೂ ಅಳಿಸುವ ಗುಂಡಿ. ಅದು ನಿಯತ್ತಿನಿಂದ ಕೆಲಸ ಮಾಡಿತು. ಹಣೆಯ ಮೇಲಿದ್ದ ದೊಡ್ಡ ಕೆಂಪು ಚುಕ್ಕಿಯನ್ನೂ ಮೊಡವೆ ಎಂದು ತಿಳಿದು ಒರೆಸಿ ಹಾಕಿತು.

ನಾನು ಗಮನಿಸಿದೆನೆ? ಇಲ್ಲ. ಕಲಾವಿದ ಸಣ್ಣಪುಟ್ಟದ್ದನ್ನು ನೋಡುವುದಿಲ್ಲ.

ಹನ್ನೆರಡರ ಸುಮಾರಿಗೆ ಫೋಟೊವನ್ನು ಹೊನವಾಡದವರೆಲ್ಲ ಇರುವ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಬರಿಯ ಫೋಟೊ ಕಳಿಸಿದರೆ ಬಡತನವಾಗುತ್ತದೆಂದು ಕೆಳಗೆ ಒಂದು ಸಾಲು ಸೇರಿಸಿದೆ: "ಬಣ್ಣ ಮಾಸಿತು, ನೆನಪೊಂದೇ ಉಳಿಯಿತು." ಬರೆದು ನನಗೇ ಕಣ್ಣು ತೇವವಾಯಿತು. ಬೆಳಗಿನಿಂದ ದುಡಿದ ಮೊಬೈಲು ಅಲ್ಲಿಗೆ ಪ್ರಾಣ ಬಿಟ್ಟಿತು. ಚಾರ್ಜಿಗೆ ಇಡೋಣವೆಂದರೆ ಕರೆಂಟಿಲ್ಲ. ಹೋಗಲಿ ಎಂದು ಬದನೆಕಾಯಿ ಪಲ್ಯದ ಜೊತೆ ಎರಡು ರೊಟ್ಟಿ ಹೆಚ್ಚಾಗಿಯೇ ತಿಂದು ಮಲಗಿದೆ. ಸುವರ್ಣಾಳೂ ಒಳಗೆ ಅಡ್ಡಾದಳು. ಫೋಟೊ ತೋರಿಸು ಎಂದಿದ್ದಳು. ಕರೆಂಟು ಬರಲಿ ಎಂದಿದ್ದೆ.

ಒಳ್ಳೆಯ ಕನಸು ಬಿತ್ತು. ದೊಡ್ಡ ಸಭೆ. ವೇದಿಕೆಯ ತುಂಬ ತಿಳಿಮಂಜು. ನನ್ನ ಫೋಟೊ ಬೆಟ್ಟದಷ್ಟು ದೊಡ್ಡದಾಗಿ ತೂಗುತ್ತಿದೆ. ಯಾರೋ ನನಗೆ ಹಾರ ಹಾಕಲು ಬರುತ್ತಿದ್ದಾರೆ. ಜನ ಚಪ್ಪಾಳೆ ತಟ್ಟುತ್ತಿದ್ದಾರೆ. ಚಪ್ಪಾಳೆ ನಿಲ್ಲುತ್ತಲೇ ಇಲ್ಲ. ಬರಬರುತ್ತ ಅದು ಬಾಗಿಲು ಬಡಿದ ಸದ್ದಾಯಿತು. ಜೊತೆಗೆ ಅಳು!

ಲುಂಗಿ ಬಿಗಿದುಕೊಂಡು, ಕೆದರಿದ ತಲೆಯಲ್ಲೇ ಹೋಗಿ ಬಾಗಿಲು ತೆಗೆದೆ. ಹೊರಗೆ ಜೀಪು. ಮುಂದೆ ಕಪ್ಪು ಕನ್ನಡಕದ ಅತ್ತೆ. ಅವರ ತೋಳು ಹಿಡಿದ ಮಲ್ಲಪ್ಪ. ಹಿಂದೆ ಸೆರಗು ಬಾಯಿಗಿಟ್ಟ ಇಬ್ಬರು ಹೆಂಗಸರು. ಪಕ್ಕದಲ್ಲಿ ಕಳ್ಳಕವಟಗಿಯ ಕಾಕಾ, ಸುವರ್ಣಾಳ ಚಿಕ್ಕಪ್ಪ. ನನ್ನನ್ನು ನೋಡಿದ್ದೇ ಕಾಕಾ ಎರಡು ಹೆಜ್ಜೆ ಹಿಂದೆ ಹಾರಿದರು.

"ಯಪ್ಪಾ! ಎದ್ದ ಬಂದಾನ!"

"ಮಲಗಿದ್ನಿ, ಎದ್ದೆ. ಯಾಕ್ರಿ ಕಾಕಾ?" ಎಂದೆ.

ಅತ್ತೆ ಕೈ ಚಾಚಿದರು.

"ಯಾರು ಮಾತಾಡಿದ್ದು?"

"ನಾನ್ರಿ ಅತ್ತಿ. ನಿಮ್ಮ ಅಳಿಯ."

"ಖರೇನ?"

ಇಂಥ ಪ್ರಶ್ನೆಗೆ ಮನುಷ್ಯ ಏನು ಸಾಕ್ಷಿ ಕೊಡಬೇಕು? ಅತ್ತೆ ನನ್ನ ಕೆನ್ನೆ ಮುಟ್ಟಿ ನೋಡಿದರು, ಭುಜ ಅದುಮಿ ನೋಡಿದರು. ಎರಡು ದಿನದ ಗಡ್ಡ ಚುಚ್ಚಿದ ಮೇಲೆ ನಂಬಿಕೆ ಬಂತೆಂದು ಕಾಣುತ್ತದೆ. "ಸುವರ್ಣಾ ಎಲ್ಲಿ?" ಎಂದರು.

ಗದ್ದಲ ಕೇಳಿ ಸುವರ್ಣಾ ನಿದ್ದೆಗಣ್ಣಿನಲ್ಲಿ ಹೊರಬಂದಳು. ಮಲಗಿ ಎದ್ದದ್ದಕ್ಕೆ ಕುಂಕುಮ ಹಣೆಯ ತುಂಬ ಹರಡಿತ್ತು. ಧೂಳು, ಬಿಸಿಲು ತಾಗಬಾರದೆಂದು ಡಾಕ್ಟರು ಹಾಕಿಕೊಟ್ಟಿದ್ದ ಕಪ್ಪು ಕನ್ನಡಕವನ್ನು ಅತ್ತೆ ಕಿತ್ತು ತೆಗೆದರು. ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು.

"ಐತಿ! ಕುಂಕುಮ ಐತಿ!" ಎಂದು ಬಿಕ್ಕಿ ಬಿಕ್ಕಿ ಅತ್ತರು. "ಯವ್ವಾ, ನಿನಗೂ ಕೂದಲ ಬೆಳ್ಳಗಾಗ್ಯಾವಲ್ಲ. ನನಗ ಗೊತ್ತ ಇರಲಿಲ್ಲ."

ತಾಯಿ ಅಳುವುದು ನೋಡಿ ಮಗಳೂ ಅತ್ತಳು. ಏನಾಗಿದೆಯೆಂದು ಗೊತ್ತಿಲ್ಲದ ನಾನೂ ಅಳುವ ಹಾಗಾಗಿ ನಿಂತೆ. ನಡೆದದ್ದನ್ನು ಮಲ್ಲಪ್ಪ ಹೇಳಿದ.

"ಕಟ್ಟ ಬಿಚ್ಚಿಸ್ಕೊಂಡ ಮನಿಗೆ ಬಂದ ಕೂಡಲೇ ಅವ್ವಗ ಫೋಟೊ ತೋರಿಸಿದ್ನಿ. ಅವ್ವ ಒಮ್ಮೇಲೆ, 'ಆಪರೇಶನ್ ಕೆಟ್ಟೈತಿ, ಮೊದಲಿನಕಿಂತ ಮಬ್ಬ ಕಾಣಾಕತ್ತೈತಿ' ಅಂತ ಅಳಾಕ ಹತ್ತಿದ್ಲು. ನಾ ಒಂದ ಮೆಣಸಿನಕಾಯಿ ಹಿಡದು ಇದು ಯಾವ ಬಣ್ಣ ಅಂದ್ನಿ. ಕೆಂಪ ಅಂದ್ಲು. ಕರಿಬೇವು ಹಿಡದ್ನಿ. ಹಸರ ಅಂದ್ಲು. ಮತ್ತ ಕಣ್ಣ ಚಲೋ ಅದಾವಲ್ಲ ಅಂತ ನಾನ ಫೋಟೊ ನೋಡಿದ್ನಿ. ಬಿಳೇ ಸೀರಿ. ಕೈಯಾಗ ಬಳಿ ಇಲ್ಲ. ಹಣಿ ಖಾಲಿ. ಅಕ್ಕ ಆಕಾಶ ನೋಡ್ಕೋತ ನಿಂತಾಳ. ಕೆಳಗ ಬರದದ್ದು ಓದಿದ್ನಿ ನೋಡ್ರಿ ಮಾವಾರ, ನಿಂತ ಕಾಲಮ್ಯಾಲ ಜೀಪ ಮಾಡಿಸಿದ್ನಿ!"

"ನನ್ನ ಫೋನಿನಿಂದಲೇ ಬಂದಿತ್ತಲ್ಲೋ!"

"ನಿಮ್ಮ ಫೋನಿಂದ ಬಂತು, ಖರೆ. ಆದ್ರ ಫೋಟೊದಾಗ ನೀವಿಲ್ಲ! ನಿಮಗ ಹಚ್ಚಿದ್ರ ಬಂದ್. ಅಕ್ಕಗ ಹಚ್ಚಿದ್ರ ಎತ್ತೂದಿಲ್ಲ. ನಾವರ ಏನಂತ ತಿಳಕೋಬೇಕು?"

ಡಾಕ್ಟರು ಟಿಕೋಟಾದಲ್ಲಿ ಜತನವಾಗಿ ತೆಗೆದ ಮಬ್ಬನ್ನು ನಾನು ವಿಜಯಪುರದಲ್ಲಿ ಕೂತು ಒಂದೇ ಬೆರಳಿನಿಂದ ಮತ್ತೆ ಹಾಕಿದ್ದೆ. ಆ ಮುದುಕಿ ಇಷ್ಟು ದಾರಿಯನ್ನು ಹೇಗೆ ಕಳೆದರೋ ಎಂದು ನೆನೆದು ನಾಚಿಕೆಯಾಯಿತು. ನಾನು ಅತ್ತೆಯ ಕಾಲು ಮುಟ್ಟಿದೆ.

ಸುವರ್ಣಾ ತಮ್ಮನ ಮೊಬೈಲು ಇಸಿದುಕೊಂಡು ಫೋಟೊವನ್ನು ಮೊದಲ ಸಲ ನೋಡಿದಳು. ಬಹಳ ಹೊತ್ತು ನೋಡಿದಳು.

"ಇಕಿ ಯಾರು?"

"ನೀನೇ. ಕನಸಿನ ಬಣ್ಣ ಅದು" ಎಂದೆ. ಏನಾದರೂ ಪುಣ್ಯ ಉಳಿದಿದೆಯೇ ಎಂದು ಹುಡುಕಿ, "ಕಣ್ಣು ತೆರೆದಿದೆ ನೋಡು!" ಎಂದೆ.

"ಹೌದ್ರಿ" ಎಂದಳು. "ಗಂಡ ಹೋದಮ್ಯಾಲ ತೆರದಾವು."

ಮೊದಲು ನಕ್ಕವಳು ಪಲ್ಲವಿ. ಆಮೇಲೆ ಮಲ್ಲಪ್ಪ. ಸೆರಗು ಬಾಯಿಗಿಟ್ಟಿದ್ದ ಹೆಂಗಸರು ಅದೇ ಸೆರಗಿನಲ್ಲಿ ನಗೆ ಮುಚ್ಚಿಕೊಂಡರು. ಕಾಕಾ ಮಾತ್ರ ನಗದೆ ಬೆನ್ನ ಹಿಂದೆ ಏನನ್ನೋ ಅಡಗಿಸಿಕೊಂಡು ಗೋಡೆಗೆ ಒರಗಿಯೇ ನಿಂತಿದ್ದರು.

"ಏನ್ರಿ ಅದು ಕಾಕಾ?"

"ಏನಿಲ್ಲೋ ಮಾರಾಯಾ... ಟಿಕೋಟಾದಾಗ ಜೀಪ ನಿಂತಿತ್ತು. ಆಮ್ಯಾಲ ಇಲ್ಲಿ ಹೂವ ಎಲ್ಲಿ ಹುಡಕೂದಂತ..." ಎನ್ನುತ್ತ ಕೈ ಮುಂದೆ ತಂದರು. ಆಳೆತ್ತರದ ಚೆಂಡುಹೂವಿನ ಹಾರ!

ಸಂಜೆ ಅತ್ತೆಯ ಹಟಕ್ಕೆ ಸುವರ್ಣಾ ಹಸಿರು ಸೀರೆ ಉಟ್ಟು ಬಂದಳು. ಅತ್ತೆ ಸೆರಗನ್ನು ಕೈಯಲ್ಲಿ ಹರಡಿಕೊಂಡು, "ಎಷ್ಟ ಚಂದ ಹಸರ ಐತಿ! ಅಂಗಡಿಯಾಂವ ಸುಳ್ಳ ಹೇಳಿಲ್ಲ" ಎಂದು ತಮಗೇ ಹೇಳಿಕೊಂಡರು. ಮನೆಯ ಮುಂದೆ ನಿನ್ನೆಯಂಥದೇ ಮೆತ್ತನೆಯ ಬಿಸಿಲು ಬಿದ್ದಿತ್ತು. ಈಗೊಂದು ಫೋಟೊ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಆಜ್ಞೆ ಹೊರಡಿಸಿದರು.

"ಅಳಿಯಂದಿರ, ನೀವು ತಗೀಬ್ಯಾಡ್ರಿ. ನೀವು ಆಕಿ ಬಾಜೂಕ ನಿಂದರ್ರಿ. ಜನರ ಕಣ್ಣಿಗೆ ಬೀಳೂವಂಗ ನಿಂದರ್ರಿ! ಬಣ್ಣಾ ಯಾರೂ ಮುಟ್ಟಬ್ಯಾಡ್ರಿ."

ಪಕ್ಕದ ಮನೆಯ ಶಾರದಾಬಾಯಿಯವರ ಕೈಗೆ ಮಲ್ಲಪ್ಪನ ಮೊಬೈಲು ಕೊಟ್ಟೆವು. ಅಷ್ಟರಲ್ಲಿ ಕಾಕಾ ಹಾರದ ಪ್ರಶ್ನೆ ಎತ್ತಿದರು. ತಂದ ಹಾರ ಹಾಗೇ ತಿರುಗಿ ಒಯ್ಯಬಾರದು ಎಂದು ಅತ್ತೆ ತೀರ್ಪು ಕೊಟ್ಟರು. "ಜೀವಂತ ಅದಾರಲ್ಲ, ಹಾಕ್ರಿ. ದೃಷ್ಟಿ ಹೋಗಲಿ!" ಕಾಕಾ ಹಾರವನ್ನು ನನ್ನ ಕೊರಳಿಗೆ ಹಾಕಿ ಹಗುರಾದರು. ಶಾರದಾಬಾಯಿ ಒಂದೇ ಒಂದು ಫೋಟೊ ತೆಗೆದರು. ಮೂಗಿಗೆ ಚೆಂಡುಹೂವಿನ ಘಾಟು ಏರಿ ನನಗೆ ಸೀನು ಬರುವ ಹೊತ್ತಿಗೆ ಸರಿಯಾಗಿ!

ಆ ಫೋಟೊ ಈಗ ಚೌಕಟ್ಟು ಹಾಕಿಸಿಕೊಂಡು ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಬಹಳ ಒಳ್ಳೆಯ ಫೋಟೊ. ಹಸಿರು ಹಸಿರಾಗಿದೆ, ಕೆಂಪು ಕೆಂಪಾಗಿದೆ. ಹಣೆಯಲ್ಲಿ ಕುಂಕುಮ ಎದ್ದು ಕಾಣುತ್ತದೆ. ಅತ್ತೆ ಕಪ್ಪು ಕನ್ನಡಕದಲ್ಲೂ ನಗುತ್ತಿದ್ದಾರೆ. ಸುವರ್ಣಾಳ ಕಣ್ಣು ಎರಡೂ ತೆರೆದಿವೆ, ಗಂಡ ಬದುಕಿರುವಾಗಲೇ. ನಡುವೆ ನಾನೊಬ್ಬ ಕೊರಳಲ್ಲಿ ಹಾರ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಶಾಂತನಾಗಿ ನಿಂತಿದ್ದೇನೆ.

ಮನೆಗೆ ಹೊಸಬರು ಯಾರೇ ಬಂದರೂ ಗೋಡೆಯ ಕಡೆ ನೋಡಿ ದನಿ ತಗ್ಗಿಸುತ್ತಾರೆ. ಹೀಗಾಗಿ ಈಗ ನಮ್ಮ ಮನೆಯಲ್ಲಿ ಅವರ ಮುಂದೆ ಜೀವಂತ ಬಂದು ನಿಂತು ಚಹಾ ಕೊಡುವ ಕೆಲಸ ನನ್ನದೇ.