ಬಟ್ಟಲಿಗೆ ಎಷ್ಟು ಪ್ಲೇಟು?

ಅಂಗಡಿಯ ಬೋರ್ಡು ಒರೆಸಲೆಂದು ಏಣಿ ಹತ್ತಿದ ಟೈಲರು ಜಾರಿ ಬಿದ್ದು, ಮೈಯಿಂದಲೇ ಫುಟ್‌ಪಾತ್ ಒರೆಸಿದ. ತೊಡೆಯ ಮೂಳೆ ಕೂರುವ ಸೊಂಟದ ಬಟ್ಟಲು ಒಡೆಯಿತು.

ಆಸ್ಪತ್ರೆ ಸೇರಿದ ಮೂರನೇ ದಿನ ಬೆಳಿಗ್ಗೆ ನರ್ಸಮ್ಮ ಎರಡು ಚಿತ್ರಗಳಿದ್ದ ಹಾಳೆಯನ್ನು ಕೈಗಿಟ್ಟು, "ಪೂರ್ತಿ ಓದಿ, ಸಂಜೆಯೊಳಗೆ ಸೈನ್ ಹಾಕಿಡಿ" ಎಂದು ಹೋದಳು. ಒಂದು ಚಿತ್ರದಲ್ಲಿ ಒಡೆದ ಬಟ್ಟಲನ್ನು ಕೂಡಿಸಲು ಒಂದೇ ಉದ್ದನೆಯ ಲೋಹದ ಪ್ಲೇಟು. ಇನ್ನೊಂದರಲ್ಲಿ ಎರಡು ಗಿಡ್ಡ ಪ್ಲೇಟು.

ಟೈಲರು ಎರಡೂ ಚಿತ್ರಗಳನ್ನು ಬೆರಳಿನಿಂದ ಅಳೆದು ನೋಡಿದ. ಹೊಲಿಗೆ ಮಿಷಿನ್ ತುಳಿಯಲಾಗದಿದ್ದರೆ ಕಸುಬೇ ಮುಗಿಯಿತು. ಜೀವಮಾನವೆಲ್ಲ "ಒಂದು ಜೇಬಾ, ಎರಡಾ?" ಎಂದು ಊರವರನ್ನು ಕೇಳಿದವನಿಗೆ ಈಗ ಇಂಥ ಪ್ರಶ್ನೆ!

"ಎರಡೇ ಹಾಕಿಸ್ಕೊಳಿ ಭಾವ," ಎಂದ ವೆಲ್ಡಿಂಗ್ ಮಾಡುವ ಭಾಮೈದ. "ಒಂದು ಕೈಕೊಟ್ರೆ ಇನ್ನೊಂದಿರತ್ತೆ. ನಾನು ಗೇಟಿಗೂ ಹಂಗೇ ಹಾಕೋದು."

"ನಿನ್ನ ಗೇಟು ಮೊನ್ನೆ ಬಿತ್ತಲ್ಲಪ್ಪ!" ಪಕ್ಕದಂಗಡಿಯ ಬಡಗಿ ನಕ್ಕ. "ಎರಡಂದ್ರೆ ಸ್ಕ್ರೂ ತೂತು ಜಾಸ್ತಿ. ತೂತು ಜಾಸ್ತಿಯಾದ್ರೆ ಹಲಗೆ ಸೀಳತ್ತೆ. ಒಂದೇ ಹಾಕಿಸಣ್ಣ."

"ಇವ್ರೇನು ಹಲಗೇನಾ?" ಹೆಂಡತಿ ಸಿಡುಕಿದಳು.

"ಮೂರು ದಿನದಿಂದ ಅಲ್ಲಾಡಿಲ್ವಲ್ಲ ಅತ್ತಿಗೆ!" ಎಂದ ಬಡಗಿ.

ಪರೀಕ್ಷೆಯೇ ಆಗಿಬಿಡಲಿ ಎಂದು ಇಬ್ಬರೂ ಅವಳ ಎರಡು ಪ್ಲಾಸ್ಟಿಕ್ ಬಟ್ಟಲು ಸೀಳಿ, ಒಂದಕ್ಕೆ ಉದ್ದಕ್ಕೊಂದು ಪಟ್ಟಿ, ಇನ್ನೊಂದಕ್ಕೆ ಎರಡು ತುಂಡು ಅಂಟಿಸಿ ನೀರು ತುಂಬಿದರು. ಎರಡೂ ಸೋರಿದವು, ಟೈಲರ ಮೇಲೆ. ಕೊನೆಗೆ ವಾರ್ಡಿನವರೆಲ್ಲ ಕೈಯೆತ್ತಿ ಮತ ಹಾಕಿದರು. ಕೈಗೆ ಕಟ್ಟು ಬಿದ್ದವರು ಕಾಲೆತ್ತಿದರು. ಒಂದೇ ಒಂದು ಕಾಲಿನ ಅಂತರದಲ್ಲಿ ಉದ್ದನೆಯ ಪ್ಲೇಟು ಗೆದ್ದಿತು.

ಸಂಜೆ ಡಾಕ್ಟರಮ್ಮ ಒಂದು ಲಕೋಟೆ ಹಿಡಿದು ಬಂದದ್ದೇ ತಡ, "ಒಂದೇ ಸಾಕು!" ಎಂದು ಟೈಲರು ಕೂಗಿದ.

"ನಿಮ್ಮನ್ನ ಆರಿಸಿ ಅಂದೋರ್ಯಾರು? ಹಾಳೆ ಹಿಂದೆ ತಿರುಗಿಸಿ ನೋಡ್ಲಿಲ್ವಾ?"

ಯಾರೂ ನೋಡಿರಲಿಲ್ಲ. ಹಿಂದೆ ಬರೆದಿತ್ತು: ಇದು ಎರಡು ವಿಧಾನಗಳಲ್ಲಿ ಯಾವುದು ಮೇಲೆಂದು ತಿಳಿಯುವ ಅಧ್ಯಯನ; ನೀವು ಒಪ್ಪಿದರೆ, ನಿಮಗೆ ಯಾವುದೆಂಬುದನ್ನು ಚೀಟಿ ಎತ್ತಿದಂತೆ ಮುಚ್ಚಿದ ಲಕೋಟೆ ನಿರ್ಧರಿಸುತ್ತದೆ.

"ಅದೆಲ್ಲ ಬಿಡಿ, ಮಿಷಿನ್ ತುಳಿಯೋಕೆ ಯಾವುದು ಒಳ್ಳೇದು, ನೀವೇ ಹೇಳ್ಬಿಡಿ ಡಾಕ್ಟ್ರಮ್ಮ."

"ಗೊತ್ತಿದ್ದಿದ್ರೆ ಲಕೋಟೆ ಯಾಕ್ರೀ? ನಾನು ಒಂದು ಅಂತೀನಿ, ನಮ್ಮ ದೊಡ್ಡ ಡಾಕ್ಟ್ರು ಎರಡು ಅಂತಾರೆ. ನಾಲ್ಕು ವರ್ಷದಿಂದ ಇದೇ ಜಗಳ."

ಬಡಗಿಯ ಮುಖ ಅರಳಿತು. ಸ್ಟೂಲು ಎಳೆದು ಹಾಕಿದ. "ಹೌದಾ? ಕೂತ್ಕೊಳಿ ಡಾಕ್ಟ್ರಮ್ಮ. ತೂತಿನ ವಿಷಯ ನಾನು ಹೇಳ್ತೀನಿ."

"ಮೊದ್ಲು ಗೇಟಿನ ವಿಷಯ ಕೇಳಿ!" ಭಾಮೈದನೂ ನುಗ್ಗಿದ.

ಡಾಕ್ಟರಮ್ಮ ಕೂತೇಬಿಟ್ಟರು. ಟೈಲರು ಅವರ ಜೇಬಿನಿಂದ ಪೆನ್ನು ಎಳೆದುಕೊಂಡು ಸೈನ್ ಹಾಕಿದ. ಇಡೀ ವಾರ್ಡಿನಲ್ಲಿ ಬಾಯಿ ಮುಚ್ಚಿಕೊಂಡಿದ್ದದ್ದು ಆ ಲಕೋಟೆಯೊಂದೇ.