ಮುದಿ ಕಾರಿಗೆ ಊದುಕೊಳವೆ

ಪಣ ಇಷ್ಟು: ವಿಜಯದಶಮಿ ದಿನ ಐದು ಜನ ಕೂತು, ಏಸಿ ಹಾಕಿಕೊಂಡು, ಮೂರನೇ ಗೇರಿನಿಂದ ಇಳಿಸದೆ ಕೆ.ಆರ್. ಪುರದ ತೂಗುಸೇತುವೆ ಹತ್ತಿದರೆ ನನ್ನ ಹಳೇ ಕಾರು ಉಳಿಯುತ್ತದೆ. ಹತ್ತದಿದ್ದರೆ ಕಾರು ಗುಜರಿಗೆ, ಅದು ನಿಲ್ಲುವ ಪೋರ್ಟಿಕೋ ಮನೆಯಾಕೆಗೆ.

"ಪೋರ್ಟಿಕೋ ತಗೊಂಡು ಏನ್ ಮಾಡ್ತೀಯೇ?" ಅಂದೆ.

"ಮೊದಲು ಜಾಗ ಸಿಗಲಿ. ಯಾವ ವ್ಯಾಪಾರ ಅಂತ ಆಮೇಲೆ ನೋಡ್ಕೋತೀನಿ."

ಶಿವಾಜಿನಗರದಲ್ಲಿ ಕಾರಿನ ಹಳೇ ಬಿಡಿಭಾಗ ಮಾರುತ್ತಲೇ ತಲೆ ನರೆಸಿಕೊಂಡವನು ನಾನು. ಈ ದಂಧೆಯಲ್ಲಿ ವಾರಕ್ಕೊಂದು ತಮಾಷೆ ತಾನಾಗಿಯೇ ಅಂಗಡಿಗೆ ನಡೆದು ಬರುತ್ತದೆ. ಈ ಸಲ ಮಾತ್ರ ಅದು ನನ್ನ ಹಿಂದೆಯೇ ಮನೆಗೂ ಬಂತು.

ಅತ್ತೆಯವರು ನಡೆದದ್ದು

ಈ ಪಣಕ್ಕೆ ಕಾರಣವಾದ ಜಗಳ ಶುರುವಾಗಿದ್ದು ಭಾಮೈದನ ಗೃಹಪ್ರವೇಶದ ದಿನ. ಅವನು ಮನೆ ಕಟ್ಟಿಸಿದ್ದು ಕೆ.ಆರ್. ಪುರದಲ್ಲಿ, ನಾವಿರುವುದು ಬೈಯಪ್ಪನಹಳ್ಳಿ. ನಡುವೆ ಆ ತೂಗುಸೇತುವೆ. ಅರ್ಧ ಏರುವಷ್ಟರಲ್ಲಿ ಕಾರು ಉಬ್ಬಸ ಬಂದವರ ಹಾಗೆ ಏದುಸಿರು ಬಿಡತೊಡಗಿತು. ಏಸಿ ಆರಿಸಿದೆ. ಎರಡನೇ ಗೇರು, ಆಮೇಲೆ ಒಂದನೇ ಗೇರು. ಹಿಂದಿನ ಆಟೋದವನು ತಲೆ ಹೊರಗೆ ಹಾಕಿ, "ಗುರೂ, ತಳ್ಳಬೇಕಾ?" ಅಂದ.

ಹಿಂದಿನ ಸೀಟಿನಿಂದ ಅತ್ತೆಯವರು, "ಅಳಿಯಂದ್ರೇ, ಭಾರ ಆಗ್ತಿದ್ರೆ ನಾನು ಇಳ್ಕೋತೀನಿ" ಎಂದರು. ಮಂಡಿನೋವಿನ ಹೆಂಗಸು. ಬೇಡ ಬೇಡ ಎನ್ನುವಷ್ಟರಲ್ಲಿ ಇಳಿದೂ ಬಿಟ್ಟರು, ಕಟ್ಟೆ ಹಿಡಿದುಕೊಂಡು ನಡೆದೂ ಬಿಟ್ಟರು.

ನಾವು ಮೇಲೆ ತಲುಪಿದಾಗ ಅವರು ಅಲ್ಲಿ ನಿಂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ, "ದಾರೀಲಿ ಏನಾದ್ರೂ ತೊಂದರೆ ಆಯ್ತಾ?" ಎಂದು ಕೇಳಿದರು.

ಕಬ್ಬಿನ ಹಾಲು

ಮಾರನೇ ದಿನ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಸೂಪರ್‌ಚಾರ್ಜರ್ ಕಡೆಗೆ ಕಣ್ಣು ಹೋಯಿತು. ಯಾವುದೋ ಫಾರಿನ್ ಕಾರು ಒಡೆದಾಗ ಲಾಟಿನಲ್ಲಿ ಬಂದ ಮಾಲು. ಕೊಳ್ಳುವವರಿಲ್ಲ. ಪಕ್ಕದ ಲೇತ್ ಅಂಗಡಿ ಭಾಯಿ ದಿನಾ ಟೀ ಲೋಟ ಇಡುವುದಕ್ಕೆ ಅದನ್ನೇ ಸ್ಟೂಲು ಮಾಡಿಕೊಂಡಿದ್ದ.

ಇದರ ಕೆಲಸ ಸುಲಭ. ಹಿಂದೆ ಅಜ್ಜಿಯರು ಊದುಕೊಳವೆ ಹಿಡಿದು ಒಲೆ ಊದುತ್ತಿದ್ದರಲ್ಲ, ಇದು ಎಂಜಿನ್ನಿಗೆ ಅದೇ ಸೇವೆ ಮಾಡುತ್ತದೆ. ಎಂಜಿನ್ನಿನಿಂದಲೇ ಒಂದು ಬೆಲ್ಟು ಎಳೆದು ಇದನ್ನು ತಿರುಗಿಸಿದರೆ ಒಳಗಿನ ಎರಡು ರೋಲರು ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತವೆ. ಗಾಳಿ ಜಾಸ್ತಿ, ಪೆಟ್ರೋಲು ಜಾಸ್ತಿ, ಬೆಂಕಿ ಜಾಸ್ತಿ.

ಧೂಳು ಒರೆಸಿ, ಎಣ್ಣೆ ಬಿಟ್ಟು, ಅಂಗಡಿ ಮುಂದೆ ಕೈಯಲ್ಲೇ ತಿರುಗಿಸಿ ನೋಡಿದೆ. ಎರಡು ರೋಲರು ಒಂದನ್ನೊಂದು ತಬ್ಬಿಕೊಂಡು ನುಣ್ಣಗೆ ತಿರುಗಿದವು. ನನಗಂತೂ ಮೈ ಜುಮ್ಮೆಂದಿತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಗಾಡಿ ನಿಲ್ಲಿಸಿ ಬಗ್ಗಿ ನೋಡಿದ. ಕಬ್ಬಿನ ಹಾಲು ಮಾರುವವನು.

"ಅಣ್ಣಾ, ಒಳ್ಳೇ ಮಷೀನು. ಕೊಡ್ತೀರಾ?"

"ಕೊಡೋಕಲ್ಲ. ನನ್ನ ಕಾರಿಗೆ ಹಾಕ್ತಿದ್ದೀನಿ."

ಅವನು ನನ್ನನ್ನು ಒಮ್ಮೆ, ರೋಲರನ್ನು ಒಮ್ಮೆ ನೋಡಿ ಭಾಯಿಯ ಕಿವಿಯಲ್ಲಿ ಕೇಳಿದ: "ಓಡಾಡ್ಕೊಂಡೇ ಜ್ಯೂಸ್ ಮಾರ್ತಾರಾ ಇವರು? ನಮ್ಮ ಏರಿಯಾಗೆ ಬರಬೇಡಿ ಅಂತ ಹೇಳಿ."

ಅಳತೆ

ಬಿಡಿಭಾಗ ಮಾರುವುದು ಬೇರೆ, ಕೂರಿಸುವುದು ಬೇರೆ. ಮೊದಲನೆಯದರಲ್ಲಿ ನಾನು ಪಳಗಿದವನು. ಎರಡನೆಯದಕ್ಕೆ ಸ್ಪ್ಯಾನರು ಹಿಡಿದದ್ದೇ ಆ ತಿಂಗಳು. ಭಾಯಿ ಲೇತಿನಲ್ಲಿ ಬ್ರಾಕೆಟ್ಟು, ಪುಲ್ಲಿ ಕಡೆದುಕೊಟ್ಟ. ಪೋರ್ಟಿಕೋದಲ್ಲಿ ಕೂತು ನಾನೇ ಬಿಗಿದೆ. ಬಾನೆಟ್ಟು ಮುಚ್ಚಲಿಲ್ಲ, ಅದಕ್ಕೊಂದು ತೂತು ಕೊರೆಸಿದೆ. ಗಾಳಿ ಎಳೆಯುವ ಬಾಯಿ ಅದರಿಂದ ಮೇಲೆ ಬಂತು. ಧೂಳು ಹೋಗದಿರಲಿ ಎಂದು ಅಡುಗೆಮನೆಯ ಜರಡಿ ತಂದು ಮುಚ್ಚಿದೆ. ಅದನ್ನು ಕೇಳಿ ತಂದದ್ದಲ್ಲ.

ಉಳಿದದ್ದು ಬೆಲ್ಟು. ಪುಲ್ಲಿಗಳ ಸುತ್ತಳತೆ ತೆಗೆಯಲು ಕೈಗೆ ಸಿಕ್ಕ ದಾರ ಸುತ್ತಿ ಗಂಟು ಹಾಕಿ ಜೇಬಿಗಿಟ್ಟೆ. ಬೆಲ್ಟಿನ ಅಂಗಡಿಯಲ್ಲಿ ಹತ್ತು ಜನ ಗಿರಾಕಿಗಳ ನಡುವೆ ಅದನ್ನು ತೆಗೆದು ಕೌಂಟರ್ ಮೇಲೆ ಹರವಿ, "ಈ ಅಳತೇದು ಬೇಕು, ಗಟ್ಟಿ ಇರಬೇಕು, ಎಷ್ಟು ಎಳೆದರೂ ಕಿತ್ತುಹೋಗಬಾರದು" ಎಂದೆ.

ಅಂಗಡಿಯವನು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. "ಸಾರ್, ಲಂಗದ ಲಾಡಿ ಎಲ್ಲಾ ಆ ಕಡೆ ಗಲ್ಲೀಲಿ."

ಕೊನೆಗೆ ಅಳತೆಗೆ ಸರಿಹೋಗಿದ್ದು ಹಿಟ್ಟಿನ ಮಿಲ್ಲಿಗೆ ಹಾಕುವ ಬೆಲ್ಟು.

ಮೊದಲ ಗಿರಾಕಿ

ಭಾನುವಾರ ಸ್ಟಾರ್ಟ್ ಮಾಡಿದೆ. ಆಹಾ! ಮೊದಲು ಒಂದು ಗುರುಗುರು, ಆಕ್ಸಿಲರೇಟರು ಒತ್ತಿದಂತೆ ಕೀಯ್ ಎಂದು ಏರುವ ಸದ್ದು. ಬೀದಿಯಲ್ಲಿ ಒಂದು ಸುತ್ತು ಹೊಡೆದೆ, ಬೆನ್ನು ಸೀಟಿಗೆ ಅಂಟಿಕೊಂಡಿತು. ಈ ಕಾರಿನಲ್ಲಿ ನನ್ನ ಬೆನ್ನು ಸೀಟಿಗೆ ಅಂಟಿದ್ದು ಅದುವರೆಗೆ ಬೆವರಿಗೆ ಮಾತ್ರ.

ಮನೆಗೆ ಬಂದು ಮತ್ತೆ ಮತ್ತೆ ಗರ್ಜಿಸಿ ಕೇಳಿಸಿಕೊಳ್ಳುತ್ತಿದ್ದೆ. ಗೇಟಿನ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ನಮ್ಮೆದುರಿನ ಬಾಡಿಗೆ ರೂಮುಗಳಲ್ಲಿ ಇರುವ ಕಲಬುರಗಿ ಕಡೆಯವಳು. ಸೊಂಟದ ಮೇಲೆ ಡಬ್ಬ.

"ಅಣ್ಣಾರ, ಗಿರಣಿ ಚಾಲೂ ಮಾಡೀರೇನ್ರಿ? ಜ್ವಾಳ ಬೀಸಿ ಕೊಡ್ತೀರೇನು?"

"ಗಿರಣಿ ಅಲ್ಲಮ್ಮ, ಕಾರು!"

"ಇರ್ಲಿ ಬಿಡ್ರಿ, ಯಾವ್ದ್ರಾಗ ಬೀಸಿದ್ರೂ ನಡೀತದ. ಸಣ್ಣಗ ಆದ್ರ ಸಾಕು." ಅವಳ ಕಣ್ಣು ಬಾನೆಟ್ಟಿನ ಮೇಲಿದ್ದ ಜರಡಿಯ ಮೇಲಿತ್ತು. ಅವಳ ತಪ್ಪೇನೂ ಇಲ್ಲ.

ನಾನು ಎಂಜಿನ್ನು, ಗಾಳಿ, ಊದುಕೊಳವೆ ಎಂದು ವಿವರಿಸುತ್ತಿರುವಾಗಲೇ ಅವಳ ಹಿಂದೆ ಇನ್ನೂ ಮೂರು ಡಬ್ಬಗಳು ಬಂದು ನಿಂತವು. ಹತ್ತಿರದ ಮಿಲ್ಲು ಮುಚ್ಚಿ ವರ್ಷವಾಯಿತಂತೆ. ನಾನು ಎಲ್ಲರನ್ನೂ ವಾಪಸು ಕಳಿಸಬೇಕು ಎನ್ನುವಷ್ಟರಲ್ಲಿ ಒಳಗಿನಿಂದ ಮನೆಯಾಕೆಯ ದನಿ:

"ಡಬ್ಬದ ಮೇಲೆ ಹೆಸರು ಬರೆದು ಇಟ್ಟು ಹೋಗ್ರಮ್ಮಾ!"

ಸೀನು

ಆಯುಧಪೂಜೆಗೆ ಕಾರು ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣಿಟ್ಟೆವು. ಜರಡಿಯನ್ನು ಮನೆಯಾಕೆ ಬೆಳಿಗ್ಗೆಯೇ ಕಿತ್ತುಕೊಂಡು ಹೋಗಿದ್ದಳು, ಹೋಳಿಗೆಗೆ ಮೈದಾ ಜರಡಿ ಹಿಡಿಯಲು. ಅತ್ತೆಯವರು ಗಾಳಿ ಎಳೆಯುವ ಬಾಯಿಯ ಸುತ್ತ ಧಾರಾಳವಾಗಿ ಕುಂಕುಮ ಸುರಿದಿದ್ದರು.

ಭಾಮೈದ ಬಿಳಿ ಶರ್ಟು, ಬಿಳಿ ಪಂಚೆಯಲ್ಲಿ ಬಂದಿದ್ದ. ಪಣದಲ್ಲಿ ಅಕ್ಕನ ಕಡೆಯವನು. "ಏನ್ ಭಾವ, ಇದರೊಳಗೆ ಏನಾದ್ರೂ ಇದೆಯಾ, ಬರೀ ತೂತಾ?" ಎಂದು ಬಾನೆಟ್ಟಿನ ಮೇಲೆ ಬಗ್ಗಿ ಆ ಬಾಯಿಗೆ ಕಣ್ಣಿಟ್ಟ.

ಅದೇ ಹೊತ್ತಿಗೆ ನಾನು ಕೀಲಿ ತಿರುಗಿಸಿದೆ. ಎಂಜಿನ್ನು ಒಂದು ಸಲ ಹಿಂದಕ್ಕೆ ಒದ್ದು, ಢಬ್ ಎಂದು ಆ ಬಾಯಿಂದಲೇ ಸೀನಿತು.

ಕುಂಕುಮದ ಮೋಡ ಇಳಿದಾಗ ಭಾಮೈದ ನಿಂತಲ್ಲೇ ನಿಂತಿದ್ದ. ಹಣೆಯಿಂದ ಪಂಚೆಯ ಅಂಚಿನವರೆಗೆ ಕೆಂಪು, ಕಣ್ಣುಗುಡ್ಡೆ ಮಾತ್ರ ಬಿಳಿ. ಕೊರಳಿಗೆ ಅರ್ಧ ಚೆಂಡುಹೂವಿನ ಹಾರ ಬಿದ್ದಿತ್ತು. ಅತ್ತೆಯವರು ಥಟ್ಟನೆ ಭಕ್ತಿಯಿಂದ ಕೈ ಮುಗಿದರು.

ಕಾರಿಗೋ ಮಗನಿಗೋ, ಇವತ್ತಿಗೂ ಅವರು ಬಾಯಿ ಬಿಟ್ಟಿಲ್ಲ.

ಸೇತುವೆ

ವಿಜಯದಶಮಿ. ಕಾರಿನಲ್ಲಿ ನಾನು, ಮನೆಯಾಕೆ, ಅತ್ತೆಯವರು, ಇನ್ನೂ ಕಿವಿಯ ಹಿಂದೆ ಕೆಂಪಾಗಿದ್ದ ಭಾಮೈದ, ತೀರ್ಪು ಹೇಳಲು ಭಾಯಿ. ಹೊರಡುವಾಗ ನೋಡಿದರೆ ಮನೆಯಾಕೆ ಜೋಳದ ಡಬ್ಬಗಳನ್ನೆಲ್ಲಾ ಡಿಕ್ಕಿಗೆ ತುಂಬಿಸುತ್ತಿದ್ದಾಳೆ.

"ಇದೇನೇ?"

"ಹೇಗೂ ಹೋಗ್ತಿದ್ದೀವಲ್ಲ. ಕೆ.ಆರ್. ಪುರದ ಮಿಲ್ಲಲ್ಲಿ ಬೀಸಿಸ್ಕೊಂಡು ಬರೋಣ."

"ಇಷ್ಟು ಭಾರ ಹೇರಿದ್ರೆ ಹೆಂಗೆ?"

"ಐದು ಜನ ಅಂತ ಮಾತಾಗಿತ್ತು. ಭಾರದ ಮಾತು ಆಗಿತ್ತಾ?"

ಭಾಯಿ ತಲೆಯಾಡಿಸಿದ. "ನಹೀ ಅಣ್ಣಾ, ಆಗಿರಲಿಲ್ಲ."

ಸೇತುವೆಯ ಬುಡದಲ್ಲಿ ಏಸಿ ಹಾಕಿ ಮೂರನೇ ಗೇರಿಗೆ ತಂದೆ. ಆಕ್ಸಿಲರೇಟರು ನೆಲಕ್ಕೆ. ಕೀಯ್ ಎಂದಿತು ನೋಡಿ! ಕಾರು ಏರನ್ನು ಏರೆಂದೇ ಲೆಕ್ಕಿಸಲಿಲ್ಲ. ಒಂದು ಆಟೋ ಹಿಂದೆ ಬಿತ್ತು, ಇನ್ನೊಂದು ಬಿತ್ತು, ಒಂದು ಸಿಟಿ ಬಸ್ಸಿನ ಕಂಡಕ್ಟರು ಬಾಗಿಲಿಗೆ ಬಂದು ನೋಡಿದ. "ಬಿಡಬೇಡಿ ಅಳಿಯಂದ್ರೇ!" ಎಂದು ಅತ್ತೆಯವರು ನನ್ನ ಸೀಟಿಗೆ ಗುದ್ದತೊಡಗಿದರು. ಅವರು ಅಂದು ನಿಂತು ಗಾಳಿ ಬೀಸಿಕೊಂಡಿದ್ದ ಜಾಗ ಕಣ್ಣಿಗೆ ಬಿತ್ತು. ಇನ್ನು ನಾಲ್ಕು ಮಾರು.

ಫಟ್!

ಬೆಲ್ಟು ಹೋಯಿತು. ಕೀಯ್ ನಿಂತಿತು. ಎಂಜಿನ್ನು ಮತ್ತೆ ಹಳೇ ಮುದುಕನಾಗಿ ಕೆಮ್ಮಿತು. ನಾನು ಮಾತ್ರ ಗೇರು ಇಳಿಸಲಿಲ್ಲ. ಕಾರು ನಿಧಾನವಾಯಿತು, ಇನ್ನೂ ನಿಧಾನವಾಯಿತು, ಮುಂದಿನ ಚಕ್ರ ನೆತ್ತಿ ಮುಟ್ಟಿ ತಡವರಿಸಿತು.

"ಎಲ್ಲಾ ಮುಂದಕ್ಕೆ ಬಾಗ್ರೋ!" ಎಂದು ಅತ್ತೆಯವರು ಕೂಗಿದರು. ಭಾಯಿ ಬಾಗಿದ. ಎದುರು ಪಕ್ಷದ ಭಾಮೈದನೂ ಬಾಗಿದ. ನಾನು ಸೋತರೆ ಗೆಲ್ಲುವವಳು ಮನೆಯಾಕೆ. ಎಲ್ಲರಿಗಿಂತ ಮುಂದೆ ಬಾಗಿ ಡ್ಯಾಶ್‌ಬೋರ್ಡಿಗೆ ಹಣೆ ಕೊಟ್ಟವಳೂ ಅವಳೇ. ಕಾರು ಒಂದು ಸಲ ಯೋಚಿಸಿ, ಆಚೆ ಕಡೆಗೆ ಜಾರಿತು. ಎಂಜಿನ್ನು ಅಲ್ಲೇ ನಿಂತುಹೋಯಿತು. ಇಳಿಜಾರಿನಲ್ಲಿ ಸದ್ದಿಲ್ಲದೆ, ಮಹಾರಾಜರ ಹಾಗೆ, ಕೆ.ಆರ್. ಪುರಕ್ಕೆ ಇಳಿದೆವು.

"ಹತ್ತಿತು!" ಭಾಯಿ ತೀರ್ಪು ಕೊಟ್ಟ.

"ನೀನ್ಯಾಕೆ ಬಾಗಿದ್ಯೇ?" ಎಂದು ಮನೆಯಾಕೆಯನ್ನು ಕೇಳಿದೆ.

"ಸಂಜೆಗೆ ಹಿಟ್ಟು ಕೊಡ್ತೀನಿ ಅಂತ ನಾಲ್ಕು ಮನೆಗೆ ಮಾತು ಕೊಟ್ಟಿದ್ದೆ ಕಣ್ರೀ. ಮಧ್ಯದಲ್ಲಿ ನಿಂತಿದ್ರೆ ಡಬ್ಬ ಹೊರೋರು ಯಾರು?"

"ಸರಿ. ಗೆದ್ದವನು ನಾನು. ಕಾರು ಉಳೀತು."

"ಉಳೀಲಿ, ಬೇಡ ಅಂದೋರ್ಯಾರು? ಪೋರ್ಟಿಕೋದಲ್ಲೇ ಉಳಿಯುತ್ತೆ ಅಂತ ಮಾತಾಗಿತ್ತಾ?"

ಭಾಯಿಯ ಮುಖ ನೋಡಿದೆ. ಅವನು ಬಹಳ ಬೇಜಾರಿನಿಂದ ತಲೆಯಾಡಿಸಿದ. "ನಹೀ ಅಣ್ಣಾ, ಆಗಿರಲಿಲ್ಲ."

ಈಗ ಕಾರು ಶಿವಾಜಿನಗರದ ಅಂಗಡಿಯ ಹಿತ್ತಲಲ್ಲಿ ಟಾರ್ಪಾಲು ಹೊದ್ದು ಮಲಗಿದೆ. ಸೂಪರ್‌ಚಾರ್ಜರ್ ಮೇಲೆ ಮತ್ತೆ ಭಾಯಿಯ ಟೀ ಲೋಟ. ಪೋರ್ಟಿಕೋದಲ್ಲಿ ಕರೆಂಟಿನ ಹಿಟ್ಟಿನ ಮಿಲ್ಲು, ಬೆಳಿಗ್ಗೆಯಿಂದ ಡಬ್ಬಗಳ ಸಾಲು. ಮೊನ್ನೆ ಆ ಕಲಬುರಗಿಯ ಹೆಂಗಸು ಹಿಟ್ಟು ತಗೊಂಡು ಹೋಗುವಾಗ ಗೇಟಿನಲ್ಲಿ ನಿಂತು, ದನಿ ತಗ್ಗಿಸಿ ನನಗೆ ಮಾತ್ರ ಹೇಳಿದಳು:

"ಇದ್ರಾಗ ಏನೂ ದಮ್ಮಿಲ್ಲ ಬಿಡ್ರಿ ಅಣ್ಣಾರ. ಮೊದಲಿನ ಮಷೀನ್ ಭಾಳ ಜೋರಿತ್ತು. ಯಾಕ ತೆಗೆಸಿದ್ರಿ?"

ಹಾಗಾಗಿ ಒಟ್ಟು ಲಾಭ: ಮನೆಯಾಕೆಗೆ ಒಂದು ಮಿಲ್ಲು, ಅಡುಗೆಮನೆಗೆ ಅದರ ಜರಡಿ ವಾಪಸು, ನನಗೆ ಒಂದು ಸೇತುವೆ ಮತ್ತು ನನ್ನ ಮಷೀನಿನ ದಮ್ಮು ಅರ್ಥ ಮಾಡಿಕೊಂಡ ಒಬ್ಬಳು ಗಿರಾಕಿ.